ನಾನು ಸಿಂಗಾಪುರದವನಂತೆ!

2014ರಲ್ಲಿ ಇದೇ ಫೇಸ್‌ಬುಕ್ಕಿನಲ್ಲಿ ಒಂದು ಕ್ವಿಜ್ ಓಡಾಡಿತ್ತು, ನೆನಪಿದೆಯಾ? 'ವಿಚ್ ಇಂಗ್ಲಿಷ್?' ಅಂತ ಹೆಸರು. ಇಂಗ್ಲಿಷ್ ವಾಕ್ಯಗಳನ್ನು ಕೊಟ್ಟು ಇದು ಸರಿಯೋ ತಪ್ಪೋ ಅಂತ ಕೇಳುತ್ತಿತ್ತು. ಹತ್ತು ನಿಮಿಷದ ಆಟ. ಕೊನೆಗೆ ನಿಮ್ಮದು ಯಾವ ಕಡೆಯ ಇಂಗ್ಲಿಷ್, ನಿಮ್ಮ ಮಾತೃಭಾಷೆ ಯಾವುದು ಅಂತ ಮೂರು ಮೂರು ಊಹೆ ಹೇಳುತ್ತಿತ್ತು.

ನಾನೂ ಆಫೀಸಿನಲ್ಲಿ ಊಟದ ಹೊತ್ತಿಗೆ ಆಡಿದೆ. ನನ್ನದು ಸಿಂಗಾಪುರದ ಇಂಗ್ಲಿಷ್ ಅಂದಿತು. ಮಾತೃಭಾಷೆ? ಮೊದಲು ಇಂಗ್ಲಿಷ್, ಆಮೇಲೆ ಡಚ್, ಆಮೇಲೆ ಹಂಗೇರಿಯನ್. ಅರಸೀಕೆರೆಯಲ್ಲಿ ಹುಟ್ಟಿ, ಐದನೇ ಕ್ಲಾಸಿನಲ್ಲಿ ಎಬಿಸಿಡಿ ತಿದ್ದಿದವನಿಗೆ! ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಹಂಗೇರಿನಾ? ಅದೆಲ್ಲಿ ಬರುತ್ತೋ, ತಿಪಟೂರಿನಿಂದ ಆಚೆಗಾ?" ಅಂದಳು.

ಮೊನ್ನೆ ಅಕ್ಕನ ಮಗ ಅಂಥದ್ದೇ ಇನ್ನೊಂದು ಕ್ವಿಜ್ ಆಡಿ ಸ್ಕ್ರೀನ್‌ಶಾಟ್ ಕಳಿಸಿದ. "ಮಾಮ, ನಂದು ಹಿಂದಿಯಂತೆ." ಅದಕ್ಕೇ ಈ ಬರಹ. ಹಂಗೇರಿಯನ್ ಅಂದಾಗ ನಕ್ಕವನಿಗೆ ಹಿಂದಿ ಅಂದಾಗ ಯಾಕೋ ನಗು ಬರಲಿಲ್ಲ.

'ವಿಚ್ ಇಂಗ್ಲಿಷ್?' ಸುಮ್ನೆ ಟೈಂಪಾಸ್‌ಗೆ ಮಾಡಿದ್ದಲ್ಲ. ಜೋಶುವಾ ಹಾರ್ಟ್ಸ್‌ಹಾರ್ನ್, ಜೋಶ್ ಟೆನೆನ್‌ಬಾಮ್, ಸ್ಟೀವನ್ ಪಿಂಕರ್ ಅನ್ನುವ ಸಂಶೋಧಕರ ಕೆಲಸ ಅದು. ಊಹೆ ಅನ್ನುವುದು ಅವರಿಟ್ಟ ಬೆಲ್ಲ. ಅವರಿಗೆ ಬೇಕಿದ್ದದ್ದು ನಮ್ಮ ವಯಸ್ಸು, ಇಂಗ್ಲಿಷ್ ಕಲಿಯಲು ಶುರು ಮಾಡಿದ ವಯಸ್ಸು. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ನಾವು ಮುತ್ತಿದೆವು. 6,69,498 ಜನರ ಉತ್ತರ ಇಟ್ಟುಕೊಂಡು 2018ರಲ್ಲಿ ಪ್ರಬಂಧ ಬರೆದರು. ಅದರಲ್ಲಿ ಒಂದು ನನ್ನದೂ ಇದ್ದೀತು. ಮೋಸ ಅಂತ ನಾನು ಹೇಳುವುದಿಲ್ಲ, ಬುದ್ಧಿವಂತಿಕೆ.

ನನ್ನ ತಕರಾರು ಬೇರೆ. ಆ ಪ್ರಬಂಧದಲ್ಲಿ ಇಂಗ್ಲಿಷನ್ನು ಹದಿಮೂರು ಗುಂಪು ಮಾಡಿದ್ದಾರೆ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್, ಉತ್ತರ ಐರ್ಲೆಂಡ್, ಒಂದೊಂದಕ್ಕೂ ಒಂದೊಂದು ಡಬ್ಬಿ. ಅಕ್ಕಪಕ್ಕದ ಎರಡು ದ್ವೀಪಕ್ಕೆ ಐದು ಡಬ್ಬಿ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಒಂದೇ ಡಬ್ಬಿ, 'ಇಂಡಿಯನ್'. ಲುಧಿಯಾನದವನೂ ಅದರಲ್ಲೇ, ಹುಬ್ಬಳ್ಳಿಯವನೂ ಅದರಲ್ಲೇ. ಅಲ್ರೀ, ಹುಬ್ಬಳ್ಳಿಯವರ ಇಂಗ್ಲಿಷಿನಲ್ಲೂ 'ರೀ' ಬಂದೇ ಬರುತ್ತದೆ. ಮಂಗಳೂರಿನವರು 'ವಾಟ್ ಮಾರ್ರೆ' ಅನ್ನದೆ ಮಾತು ಮುಗಿಸುವುದಿಲ್ಲ. ಇವೆರಡೇ ಒಂದು ಡಬ್ಬಿಯಲ್ಲಿ ಹಿಡಿಸುವುದಿಲ್ಲ.

ಪ್ರಶ್ನೆಗಳದ್ದೂ ಅದೇ ಕಥೆ. 'ಐ ಯಾಮ್ ಡನ್ ಡಿನ್ನರ್' ಸರಿ ಅಂದರೆ ಕೆನಡಾದವನು. 'ಥ್ರೋ ಮಿ ಡೌನ್ ದ ಸ್ಟೇರ್ಸ್ ಮೈ ಶೂಸ್' ಸರಿ ಅಂದರೆ ಅದೇ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದವನು. ಅವರು ತಮ್ಮ ಮನೆಯಲ್ಲಿ ಆಡುವ ಮಾತನ್ನು ಗುರುತು ಹಿಡಿದು ಟಿಕ್ ಹಾಕುತ್ತಾರೆ. ನಮಗೆ ಹಾಗಲ್ಲ. 'ಸರಿಯೋ ತಪ್ಪೋ' ಅಂತ ಯಾರಾದರೂ ಕೇಳಿದರೆ ಸಾಕು, ತಲೆಯೊಳಗೆ ಇಂಗ್ಲಿಷ್ ಮೇಷ್ಟ್ರು ಬೆತ್ತ ಹಿಡಿದು ಎದ್ದು ನಿಲ್ಲುತ್ತಾರೆ. ನಾವು ಪರೀಕ್ಷೆ ಬರೆಯುತ್ತೇವೆ. ನೂರಕ್ಕೆ ತೊಂಬತ್ತು ತೆಗೆಯುತ್ತೇವೆ. ಕನ್ನಡ ಅಲ್ಲಿಗೆ ತಲೆಯೇ ಹಾಕುವುದಿಲ್ಲ.

ಅದು ತಲೆ ಹಾಕುವುದು ಬೇರೆ ಕಡೆ. ಒಮ್ಮೆ ಕಾಲ್‌ನಲ್ಲಿ ಅಮೆರಿಕದ ಮ್ಯಾನೇಜರಿಗೆ 'ದ ಸರ್ವರ್ ಈಸ್ ಡೌನ್ ಇಟ್ ಸೀಮ್ಸ್' ಅಂದೆ. ಆತ ಗಾಬರಿಯಾಗಿ, ಏನು ನೋಡಿದೆ, ಯಾವ ಎರರ್ ಬಂತು, ಯಾವಾಗಿನಿಂದ ಅಂತ ಕೇಳುತ್ತಲೇ ಹೋದ. ನಾನು ಏನೂ ನೋಡಿರಲಿಲ್ಲ. ಪಕ್ಕದ ಟೀಮಿನವರು ಹೇಳಿದ್ದನ್ನು ದಾಟಿಸಿದ್ದೆ, ಅಷ್ಟೇ. ಅವನ 'ಇಟ್ ಸೀಮ್ಸ್' ಅಂದರೆ 'ನನಗೆ ಹಾಗೆ ಕಾಣುತ್ತಿದೆ'. ನನ್ನದು ನಮ್ಮ 'ಅಂತೆ'. ಸರ್ವರ್ ಬಿದ್ದಿದೆಯಂತೆ. ಯಾರೋ ಅಂದರು, ನನ್ನನ್ನು ಹಿಡಿದುಕೊಳ್ಳಬೇಡಿ. ಎರಡಕ್ಷರದಲ್ಲಿ ಸುದ್ದಿಯನ್ನೂ ಕೊಟ್ಟು ಜವಾಬ್ದಾರಿಯನ್ನೂ ಕಳಚಿಕೊಳ್ಳಬಹುದು. ಇಂಥ ಸೌಕರ್ಯ ಇಂಗ್ಲಿಷಿನಲ್ಲಿ ಇಲ್ಲವಲ್ಲ ಅಂತ ನಾವೇ ಮಾಡಿಕೊಂಡಿದ್ದೇವೆ.

ಸುಮ್ನೆ ಬಂದೆ ಅನ್ನುವುದಕ್ಕೆ 'ಐ ಸಿಂಪ್ಲಿ ಕೇಮ್'. ಫೋನ್ ಇಡ್ತೀನಿ ಅನ್ನುವುದಕ್ಕೆ 'ಐ ವಿಲ್ ಕೀಪ್ ದ ಫೋನ್'. ಷಡ್ಡಕನಿಗೆ 'ಕೋ ಬ್ರದರ್', ಓರಗಿತ್ತಿಗೆ 'ಕೋ ಸಿಸ್ಟರ್'. ತಮಿಳರು, ತೆಲುಗರ ಬಾಯಲ್ಲೂ ಇಂಥವು ಕೇಳುತ್ತೀರಿ, ಅದನ್ನು ಮುಚ್ಚಿಡುವುದಿಲ್ಲ. ಆದರೂ 'ಹೀ ಈಸ್ ಮೈ ಕೋ ಬ್ರದರ್' ಅನ್ನುವುದನ್ನು ಕ್ವಿಜ್‌ನಲ್ಲಿ ಹಾಕಿ ನೋಡಿ. ಹಂಗೇರಿ ಯಾಕೆ ಬರುತ್ತದೆ?

ಅಂದ ಹಾಗೆ, 2018ರ ಆ ಪ್ರಬಂಧ ಬಂದಾಗ 'ಹತ್ತು ವರ್ಷ ದಾಟಿದರೆ ಮುಗಿಯಿತು' ಅನ್ನುವ ಧಾಟಿಯ ಹೆಡ್ಡಿಂಗ್‌ಗಳು ಬಂದವು. ನಮ್ಮ ಕಾಲದ ಕನ್ನಡ ಮೀಡಿಯಂನವರು ಎಬಿಸಿಡಿ ಹಿಡಿದದ್ದೇ ಹತ್ತನೇ ವಯಸ್ಸಿಗೆ! ಒಳಗೆ ಓದಿದರೆ ವಿಷಯ ಅಷ್ಟು ಕೆಟ್ಟದಾಗಿಲ್ಲ. ವ್ಯಾಕರಣ ಕಲಿಯುವ ಚುರುಕು 17 ವರ್ಷ ದಾಟುವವರೆಗೂ ಇರುತ್ತದೆ, ಆಮೇಲೆ ದಿಢೀರನೆ ಬೀಳುತ್ತದೆ. ಆದರೆ ಹುಟ್ಟಿನಿಂದ ಆಡಿದವರಷ್ಟೇ ಪಕ್ಕಾ ಆಗಬೇಕಾದರೆ ಹತ್ತರೊಳಗೆ ಶುರು ಮಾಡಿರಬೇಕು ಅಂತ ಅವರ ಲೆಕ್ಕ. 2021ರಲ್ಲಿ ಬೇರೆಯವರು ಅದೇ ಮಾಹಿತಿ ಮತ್ತೆ ನೋಡಿ, ಹಾಗೆ ದಿಢೀರನೆ ಬೀಳುವುದು ಎಲ್ಲ ಬಗೆಯ ಕಲಿಯುವವರಲ್ಲೂ ಕಾಣುವುದಿಲ್ಲ ಅಂದರು. ನನಗಂತೂ ಹುಟ್ಟಿನಿಂದ ಆಡಿದವರ ಹಾಗೆ ಆಗಬೇಕಂತ ಆಸೆಯಿಲ್ಲ. ಮ್ಯಾನೇಜರಿಗೆ ಅರ್ಥವಾದರೆ ಸಾಕು. ಅವತ್ತು ಅದೂ ಆಗಲಿಲ್ಲ, ಬಿಡಿ.

ಈ ಜಾತಿಯ ಕ್ವಿಜ್‌ಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು 2013ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಮಾಡಿದ್ದು. ಸರಿ ತಪ್ಪು ಅನ್ನುವ ಮಾತೇ ಇಲ್ಲ. ಇದಕ್ಕೆ ನೀವು ಏನಂತೀರಿ, ಅಷ್ಟೇ ಪ್ರಶ್ನೆ. ಅಮೆರಿಕದ ಮ್ಯಾಪಿನಲ್ಲಿ ನಿಮ್ಮ ಊರಿನ ಸುತ್ತ ಬಣ್ಣ ಹಚ್ಚುತ್ತಿತ್ತು. ಅದರಲ್ಲೊಂದು ಪ್ರಶ್ನೆ: ಬಿಸಿಲಿರುವಾಗಲೇ ಮಳೆ ಬಂದರೆ ಏನಂತೀರಿ? ದಕ್ಷಿಣದ ಕಡೆಯ ಕೆಲವರು 'ದೆವ್ವ ಹೆಂಡತಿಗೆ ಹೊಡೆಯುತ್ತಿದೆ' ಅಂತಾರಂತೆ. ಇಟ್ ಸೀಮ್ಸ್.

ಇದನ್ನು ಕನ್ನಡದಲ್ಲಿ ಯಾರಾದರೂ ಮಾಡಬಾರದೇ? ಕಡ್ಲೆಪುರಿಯೋ, ಮಂಡಕ್ಕಿಯೋ, ಚುರುಮುರಿಯೋ ಅನ್ನುವ ಒಂದೇ ಪ್ರಶ್ನೆಗೆ ಅರ್ಧ ರಾಜ್ಯ ಬೇರೆ ಬೇರೆ ಆಗುತ್ತದೆ. ಕಡ್ಲೆಕಾಯಿಯೋ ಶೇಂಗಾವೋ ಅಂದರೆ ಉಳಿದರ್ಧ. ಬಿಸಿಲು ಮಳೆ ಒಟ್ಟಿಗೆ ಬಂದರೆ ನಮ್ಮ ಕಡೆ ಕಾಗೆಗೂ ನರಿಗೂ ಮದುವೆ. ನನ್ನ ಹೆಂಡತಿ ಅದನ್ನು ಒಪ್ಪುವುದೇ ಇಲ್ಲ, ಅವಳ ಊರಿನಲ್ಲಿ ಗಂಡು ಬೇರೆಯಂತೆ.

ನಿಮ್ಮಲ್ಲಿ ಯಾರಿಗೂ ಯಾರಿಗೂ ಮದುವೆ? ಊರ ಹೆಸರು ಸಮೇತ ಹಾಕಿ.