ಸಾಧ್ಯತೆ ಸೊನ್ನೆ ಅಲ್ಲವಂತೆ, ಗೋಡೆಗೆ ಹಾಯಿರಿ

ಗೋಡೆಗೆ ತಲೆ ಚಚ್ಚಿಕೊಳ್ಳುವುದಕ್ಕೂ ಈಗ ವಿಜ್ಞಾನದ ಬೆಂಬಲ ಸಿಕ್ಕಿದೆ. ಬೇಸರಪಡದೆ ಚಚ್ಚಿಕೊಳ್ಳುತ್ತಾ ಇದ್ದರೆ ಒಂದಲ್ಲ ಒಂದು ದಿನ ನೀವು ಗೋಡೆಯ ಆಚೆ ಕಡೆ ಇರುತ್ತೀರಂತೆ. ಗೋಡೆಗೆ ಬಿರುಕಿಲ್ಲ, ತಲೆಗೆ ಬುಗುಟಿಲ್ಲ. ಇದೇ ಕ್ವಾಂಟಮ್ ಟನೆಲಿಂಗ್ ಅಂತೆ, ಅಂದರೆ ತಡೆಯನ್ನು ಹತ್ತಿ ದಾಟುವಷ್ಟು ಶಕ್ತಿ ಇಲ್ಲದ ಕಣವೂ ಅದರ ಆಚೆ ಕಾಣಿಸಿಕೊಳ್ಳುವುದು. ವಿಡಿಯೋ ನೋಡಿ, ಸುದ್ದಿ ಓದಿ, ಸ್ಫೂರ್ತಿ ತುಂಬುವವರ ಭಾಷಣ ಕೇಳಿ, ಎಲ್ಲ ಕಡೆ ಕೊನೆಗೆ ಬರುವುದು ಒಂದೇ ಮಾತು: "ಸಾಧ್ಯತೆ ತುಂಬಾ ಕಡಿಮೆ. ಆದರೆ ಸೊನ್ನೆ ಅಲ್ಲ!"

ಆ "ಸೊನ್ನೆ ಅಲ್ಲ" ಇದೆಯಲ್ಲ, ಅದಕ್ಕೆ ಕೈಮುಗಿಯಬೇಕು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಹೇಳಿದವನು ಸುಳ್ಳು ಹೇಳಿರುವುದಿಲ್ಲ. ಕೇಳಿದವನಿಗೆ ನಿಜ ತಲುಪಿರುವುದಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರು ಮೊದಲೂ ಇದ್ದರು. ಈಗಿನವರು ಇನ್ನೂ ಜಾಣರು. ಎತ್ತು ಈಯುವ ಸಾಧ್ಯತೆ ಸೊನ್ನೆ ಅಲ್ಲ ಅಂದು ಹಗ್ಗ ಮಾರುತ್ತಾರೆ.

ಸರಿ, ಸೊನ್ನೆ ಅಲ್ಲ ಅಂದರೆ ಎಷ್ಟು? ಇದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸುಮ್ನೆ ಲೆಕ್ಕ ಹಾಕೋಣ.

ಮನುಷ್ಯನ ತೂಕ 70 ಕೆ.ಜಿ. ಗೋಡೆಯ ದಪ್ಪ 10 ಸೆಂಟಿಮೀಟರ್. ಗೋಡೆ ದಾಟಲು ಅವನಿಗೆ ಕಡಿಮೆ ಬಿದ್ದಿರುವ ಶಕ್ತಿ ಬರೀ 1 ಜೌಲ್ ಅಂತ ಉದಾರವಾಗಿ ಇಟ್ಟುಕೊಳ್ಳೋಣ. 1 ಜೌಲ್ ಅಂದರೆ ಅಷ್ಟು ತೂಕವನ್ನು ಸುಮಾರು ಒಂದೂವರೆ ಮಿಲಿಮೀಟರ್ ಮೇಲೆತ್ತುವ ಶಕ್ತಿ. ಅಂದರೆ ಇದು ಗೋಡೆಯೇ ಅಲ್ಲ. ಒಂದೂವರೆ ಮಿಲಿಮೀಟರ್ ಎತ್ತರದ ಹೊಸ್ತಿಲು. ಅದನ್ನು ಹತ್ತಲಾರದೆ, ಅದರ ಮೂಲಕವೇ ತೂರಿ ಹೋಗಬೇಕು ಅಂತ ನಮ್ಮ ಮನುಷ್ಯ ಕಾದು ನಿಂತಿದ್ದಾನೆ. ಪಠ್ಯಪುಸ್ತಕದ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ ಉತ್ತರ ಹೀಗೆ ಬರುತ್ತದೆ: ಒಂದು ಭಾಗಿಸು ಒಂದು ದೊಡ್ಡ ಸಂಖ್ಯೆ. ಆ ದೊಡ್ಡ ಸಂಖ್ಯೆಯಲ್ಲಿ 1ರ ಮುಂದೆ ಎಷ್ಟು ಸೊನ್ನೆ ಅನ್ನುವುದನ್ನು ಬರೆಯುವುದಕ್ಕೇ 1ರ ಮುಂದೆ 34 ಸೊನ್ನೆ ಬೇಕು.

ಇನ್ನೊಮ್ಮೆ ಓದಿ. 34 ಸೊನ್ನೆ ಇರುವುದು ಉತ್ತರದಲ್ಲಲ್ಲ, ಉತ್ತರದ ಸೊನ್ನೆಗಳ ಲೆಕ್ಕದಲ್ಲಿ. ಒಂದೊಂದು ಸೊನ್ನೆಯನ್ನು ಒಂದೊಂದು ಪರಮಾಣುವಿನ ಮೇಲೆ ಬರೆಯುತ್ತೇವೆ ಅಂದರೂ ಒಬ್ಬ ಮನುಷ್ಯನ ಮೈಯಲ್ಲಿರುವ ಪರಮಾಣು ಸಾಲುವುದಿಲ್ಲ. ಸುಮಾರು 14 ಲಕ್ಷ ಜನರ ಮೈ ಬೇಕು. ಇದು ಗೋಡೆ ದಾಟುವುದಕ್ಕಲ್ಲ. ದಾಟುವುದಿಲ್ಲ ಅಂತ ಬರೆದಿಡುವುದಕ್ಕೆ!

"ಎಲೆಕ್ಟ್ರಾನೇ ಗೋಡೆ ದಾಟುತ್ತೆ, ನೀವ್ಯಾಕೆ ದಾಟಬಾರದು?" ಅಂತ ವೇದಿಕೆ ಮೇಲೆ ನಿಂತು ಗುಡುಗುವವರಿದ್ದಾರೆ. ಚಪ್ಪಾಳೆ ಜೋರಾಗಿಯೇ ಬೀಳುತ್ತದೆ. ಆದರೆ ಎಲೆಕ್ಟ್ರಾನಿನ ತೂಕವನ್ನು ಕೆ.ಜಿ.ಯಲ್ಲಿ ಬರೆಯಲು ಹೋದರೆ ದಶಾಂಶ ಬಿಂದುವಿನ ಪಕ್ಕ 30 ಸೊನ್ನೆ ಹಾಕಿದ ಮೇಲೆ ಮೊದಲ ಅಂಕಿ ಬರುತ್ತದೆ. ಅಷ್ಟು ಹಗುರ ಇದ್ದೂ ಅದು ಯಾವ ಗೋಡೆ ದಾಟುತ್ತದೆ ಗೊತ್ತಾ? 1981ರಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಚ್ ರೋರರ್ ಕಟ್ಟಿದ ಸ್ಕ್ಯಾನಿಂಗ್ ಟನೆಲಿಂಗ್ ಮೈಕ್ರೋಸ್ಕೋಪ್ ನೋಡಿ. ಅದರ ಸೂಜಿಯ ಮೊನೆಗೂ ಕೆಳಗಿನ ಲೋಹಕ್ಕೂ ನಡುವೆ ಇರುವುದು ನ್ಯಾನೋಮೀಟರ್‌ಗಿಂತ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಜಾಗ. ಆ ಜಾಗವನ್ನು ಎಲೆಕ್ಟ್ರಾನ್ ದಾಟುತ್ತದೆ, ನಿಜ. ಆದರೆ ದೂರ 0.1 ನ್ಯಾನೋಮೀಟರ್ ಹೆಚ್ಚಾದರೆ ದಾಟುವವರ ಸಂಖ್ಯೆ ಸುಮಾರು ಹತ್ತರಲ್ಲಿ ಒಂದಕ್ಕೆ ಇಳಿಯುತ್ತದೆ. ಇದೇ ದರದಲ್ಲಿ 10 ಸೆಂಟಿಮೀಟರಿಗೆ ಲೆಕ್ಕ ಹಾಕಿ. 1ರ ಮುಂದೆ 100 ಕೋಟಿ ಸೊನ್ನೆ ಹಾಕಿದರೆ ಎಷ್ಟೋ, ಅಷ್ಟರಲ್ಲಿ ಒಂದು. ಅಂದರೆ ಭಾಷಣಕಾರರ ಹಿಂದಿರುವ ಗೋಡೆಯನ್ನು ಸ್ವತಃ ಎಲೆಕ್ಟ್ರಾನೂ ದಾಟುವುದಿಲ್ಲ. ಅದಕ್ಕೂ ಯಾರಾದರೂ ಸ್ಫೂರ್ತಿ ತುಂಬಬೇಕು.

ಪ್ರಯತ್ನ ಬಿಡಬೇಡಿ ಅನ್ನುವ ಉಪದೇಶವನ್ನೂ ನೋಡೋಣ. ತಲೆ ಚಚ್ಚಿಕೊಳ್ಳುವುದರಲ್ಲಿ ಯುರೇನಿಯಂ-238ರ ಪರಮಾಣು ಬೀಜದೊಳಗಿನ ಆಲ್ಫಾ ಕಣವನ್ನು (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಸೇರಿದ ಗಂಟು) ಮೀರಿಸಿದವರಿಲ್ಲ. ಸೆಕೆಂಡಿಗೆ ಹತ್ತಿರ ಹತ್ತಿರ 1ರ ಮುಂದೆ 21 ಸೊನ್ನೆಯಷ್ಟು ಸಲ ಅದು ತಡೆಗೆ ಡಿಕ್ಕಿ ಹೊಡೆಯುತ್ತದೆ. ಆದರೂ ಆಲ್ಫಾ ಕಣ ಹೊರಬಿದ್ದು ಅರ್ಧದಷ್ಟು ಯುರೇನಿಯಂ ಬೇರೆ ಧಾತುವಾಗಲು ಸುಮಾರು 450 ಕೋಟಿ ವರ್ಷ ಬೇಕು. ಪೊಲೋನಿಯಂ-212ರ ಆಲ್ಫಾ ಕಣದ ಶಕ್ತಿ ಇದಕ್ಕಿಂತ ಎರಡು ಪಟ್ಟು, ಅಷ್ಟೇ. ಅಲ್ಲಿ ಅರ್ಧ ಖಾಲಿಯಾಗಲು ಒಂದು ಮೈಕ್ರೋಸೆಕೆಂಡೂ ಬೇಡ. ಈ ವಿಚಿತ್ರವನ್ನು 1928ರಲ್ಲಿ ಜಾರ್ಜ್ ಗ್ಯಾಮೋ ಟನೆಲಿಂಗ್ ಮೂಲಕ ಬಿಡಿಸಿದರು. ಅದೇ ವರ್ಷ ರೊನಾಲ್ಡ್ ಗರ್ನಿ ಮತ್ತು ಎಡ್ವರ್ಡ್ ಕಾಂಡನ್ ಕೂಡ ತಮ್ಮ ದಾರಿಯಲ್ಲಿ ಅಲ್ಲಿಗೇ ಬಂದರು. ಅವರಾರೂ ಮನುಷ್ಯರಿಗೆ ಗೋಡೆ ತೋರಿಸಲಿಲ್ಲ. ಪಾಪ, ಶೀರ್ಷಿಕೆ ಬರೆಯಲು ಬರುತ್ತಿರಲಿಲ್ಲ ಅನಿಸುತ್ತದೆ.

ನಿಜವಾಗಿ ದಾಟುವವರಿಗೆ ಮಾತ್ರ ಯಾವ ಪ್ರಚಾರವೂ ಇಲ್ಲ. ಸೂರ್ಯನ ಒಡಲಿನಲ್ಲಿ ಒಂದೂವರೆ ಕೋಟಿ ಡಿಗ್ರಿ ಬಿಸಿ ಇದ್ದರೂ ಪ್ರೋಟಾನುಗಳು ಒಂದನ್ನೊಂದು ದೂರ ತಳ್ಳುವ ಬಲವನ್ನು ಗೆಲ್ಲಲು ಅದು ಸಾಲದು. ಟನೆಲಿಂಗ್ ಇರುವುದರಿಂದ ಅವು ಬೆಸೆಯುತ್ತವೆ, ನಮಗೆ ಬೆಳಗಾಗುತ್ತದೆ. ಪೆನ್‌ಡ್ರೈವ್ ಮತ್ತು ಮೊಬೈಲಿನ ಮೆಮೊರಿಯಲ್ಲೂ ಅಷ್ಟೆ. ಕೆಲವೇ ನ್ಯಾನೋಮೀಟರ್ ದಪ್ಪದ ತಡೆಯನ್ನು ದಾಟಿ ಎಲೆಕ್ಟ್ರಾನುಗಳು ಒಳಗೆ ಕೂತರೆ ಬರೆದಂತೆ, ಹೊರಗೆ ಬಂದರೆ ಅಳಿಸಿದಂತೆ. "ಮನುಷ್ಯ ಗೋಡೆ ದಾಟಬಲ್ಲನೇ?" ಅನ್ನುವ ವಿಡಿಯೋವನ್ನು ನೀವು ಮೊಬೈಲಿಗೆ ಇಳಿಸಿಕೊಂಡಾಗಲೇ ಕೋಟಿಗಟ್ಟಲೆ ಎಲೆಕ್ಟ್ರಾನುಗಳು ಗೋಡೆ ದಾಟಿ ಆಯಿತು. ವಿಡಿಯೋದಲ್ಲಿ ಮಾತ್ರ ಮನುಷ್ಯ ಇನ್ನೂ ಓಡಿ ಬರುತ್ತಲೇ ಇರುತ್ತಾನೆ.

2025ರ ಭೌತಶಾಸ್ತ್ರದ ನೊಬೆಲ್ ಬಂತು ನೋಡಿ, ಬೆಂಕಿಗೆ ತುಪ್ಪ ಸುರಿದಂತಾಯಿತು. ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ, ಜಾನ್ ಮಾರ್ಟಿನಿಸ್ 1984-85ರಲ್ಲಿ ಮಾಡಿದ ಪ್ರಯೋಗಗಳಿಗೆ ಆ ಬಹುಮಾನ. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ವಿದ್ಯುತ್ ಸರ್ಕ್ಯೂಟಿನಲ್ಲಿ ಟನೆಲಿಂಗ್ ಕಂಡರು ಅನ್ನುವುದು ಸುದ್ದಿ. ಸುದ್ದಿ ಸರಿಯೇ. ಓದಿದವರಿಗೆ ಮಾತ್ರ ಆ ಸರ್ಕ್ಯೂಟಿನ ಚಿಪ್ ಕೈಯನ್ನೇ ತೂರಿಕೊಂಡು ನೆಲಕ್ಕೆ ಬಿದ್ದಂತೆ ಕಂಡಿತು. ಚಿಪ್ ಇದ್ದಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಜರುಗಲಿಲ್ಲ. ಮೈನಸ್ 273 ಡಿಗ್ರಿ ಹತ್ತಿರದ ಚಳಿಯಲ್ಲಿ, ಅದರೊಳಗಿನ ಕೋಟಿ ಕೋಟಿ ಎಲೆಕ್ಟ್ರಾನುಗಳ ಒಟ್ಟು ಸ್ಥಿತಿ ಒಂದು ತಡೆ ದಾಟಿತು. ವೋಲ್ಟೇಜ್ ಇಲ್ಲದ ಕಡೆ ವೋಲ್ಟೇಜ್ ಕಾಣಿಸಿತು. ಅಷ್ಟೊಂದು ಎಲೆಕ್ಟ್ರಾನ್ ಒಂದೇ ಮೈಯಾಗಿ ನಡೆದುಕೊಂಡವು ಅನ್ನುವುದು ಮೈ ಜುಮ್ಮೆನ್ನಿಸುವ ವಿಷಯ. ಆದರೆ "ಮೀಟರಿನಲ್ಲಿ ವೋಲ್ಟೇಜ್ ಕಂಡಿತು" ಅಂದರೆ ಯಾರು ಕ್ಲಿಕ್ ಮಾಡುತ್ತಾರೆ?

ಗೋಡೆ ಕೈಕೊಟ್ಟರೆ, ಇಲ್ಲಿ ಮಾಯವಾಗಿ ಅಲ್ಲಿ ಪ್ರತ್ಯಕ್ಷವಾಗುವ ಟೆಲಿಪೋರ್ಟೇಶನ್ ಇದೆಯಲ್ಲ ಅನ್ನುತ್ತಾರೆ. ಇದೆ. 1993ರಲ್ಲಿ ಆರು ವಿಜ್ಞಾನಿಗಳು ಸೇರಿ ವಿಧಾನ ಬರೆದರು. 1997ರಲ್ಲಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಆಂಟನ್ ಝೈಲಿಂಗರ್ ತಂಡ ಫೋಟಾನಿನ, ಅಂದರೆ ಬೆಳಕಿನ ಕಣದ ಮೇಲೆ ಮಾಡಿ ತೋರಿಸಿತು. 2017ರಲ್ಲಿ ಚೀನಾದವರು ನೆಲದಿಂದ ಮಿಸಿಯಸ್ ಉಪಗ್ರಹಕ್ಕೆ, 1,400 ಕಿ.ಮೀ. ದೂರದವರೆಗೆ ಮಾಡಿದರು. "ವಸ್ತು ಬಾಹ್ಯಾಕಾಶಕ್ಕೆ ಟೆಲಿಪೋರ್ಟ್" ಅಂತ ಸುದ್ದಿಯೂ ಆಯಿತು. ಹೋದದ್ದು ವಸ್ತುವಲ್ಲ, ಫೋಟಾನಿನ ಸ್ಥಿತಿ. ಆ ಸ್ಥಿತಿಯನ್ನು ಹೊರಲು ಇನ್ನೊಂದು ಫೋಟಾನ್ ಮಾಮೂಲಿಯಾಗಿಯೇ ಮೇಲೆ ಹೋಗಬೇಕಿತ್ತು.

ಇದೇ ವಿಧಾನದಲ್ಲಿ ಮನುಷ್ಯನನ್ನು ಕಳಿಸೋಣ. ಮೊದಲು ಒಬ್ಬ ಮನುಷ್ಯನಿಗೆ ಆಗುವಷ್ಟು ಪರಮಾಣುಗಳನ್ನು ಮಾಮೂಲಿ ಗಾಡಿಯಲ್ಲಿ ಸಾಗಿಸಬೇಕು. ಅವು ಸುಮಾರು 7ರ ಮುಂದೆ 27 ಸೊನ್ನೆಯಷ್ಟಿವೆ. ಒಂದೊಂದೂ ಈ ಕಡೆ ಉಳಿದ ಜೊತೆಗಾರ ಪರಮಾಣುವಿನೊಂದಿಗೆ ಹೆಣೆದುಕೊಂಡೇ ಇರಬೇಕು, ಅಂದರೆ ಎರಡರ ಸ್ಥಿತಿಯೂ ಒಂದಕ್ಕೊಂದು ಕಟ್ಟುಬಿದ್ದಿರಬೇಕು. ಗಾಡಿ ಕುಲುಕಬಾರದು, ಬಿಸಿ ತಾಗಬಾರದು. ಆಮೇಲೆ ಈ ಕಡೆಯ ಮನುಷ್ಯನನ್ನು ಆ ಜೊತೆಗಾರರೊಂದಿಗೆ ಸೇರಿಸಿ ಅಳತೆ ಮಾಡಬೇಕು. ಅಳತೆಯಲ್ಲಿ ಅವನ ಮೂಲ ಸ್ಥಿತಿ ಹಾಳಾಗುತ್ತದೆ. ನಿಯಮವೇ ಹಾಗಿದೆ, ಮೂಲವನ್ನೂ ಇಟ್ಟುಕೊಂಡು ನಕಲನ್ನೂ ಪಡೆಯುವ ಹಾಗಿಲ್ಲ. ಅಳತೆಯ ಫಲಿತಾಂಶವನ್ನು ಆ ಕಡೆಗೆ ತಿಳಿಸದೆ ಅಲ್ಲಿ ಏನೂ ಆಗುವುದಿಲ್ಲ. ತಿಳಿಸುವುದು ಮಾಮೂಲಿ ಕೇಬಲ್ಲಿನಲ್ಲೇ, ಬೆಳಕಿಗಿಂತ ವೇಗವಾಗಿ ಸಾಧ್ಯವಿಲ್ಲ.

ಪರಮಾಣುವಿಗೆ ಬರೀ 2 ಬಿಟ್ ಸಾಕು ಅಂತಲೇ ಇಟ್ಟುಕೊಳ್ಳಿ, ನಿಜಕ್ಕೆ ಜಾಸ್ತಿ ಬೇಕು. ಸೆಕೆಂಡಿಗೆ 1 ಗಿಗಾಬಿಟ್ ವೇಗದಲ್ಲಿ ಕಳಿಸಿದರೆ ವಿಶ್ವದ ಈವರೆಗಿನ ವಯಸ್ಸಿನ 32 ಪಟ್ಟು ಕಾಲ ಹಿಡಿಯುತ್ತದೆ. ಅದೇ ಹೊತ್ತಿಗೆ ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆದು ಹೊರಟವನು ಅಷ್ಟರೊಳಗೆ 2,000 ಜ್ಯೋತಿರ್ವರ್ಷ ದೂರ ತಲುಪಿರುತ್ತಾನೆ. ಟೆಲಿಪೋರ್ಟ್ ಟಿಕೆಟ್ ಕೊಂಡವನು ಇತ್ತ ಸೇವಾ ಕೇಂದ್ರಕ್ಕೆ ಫೋನ್ ಮಾಡುತ್ತಿರುತ್ತಾನೆ. ಆ ಕಡೆಯಿಂದ ವಿನಯವಾಗಿ ಉತ್ತರ ಬರುತ್ತದೆ: "ತಲುಪುವ ಸಾಧ್ಯತೆ ಸೊನ್ನೆ ಅಲ್ಲ ಸಾರ್, ದಯವಿಟ್ಟು ಲೈನಿನಲ್ಲೇ ಇರಿ."