ನನಗೆ ಶೂನ್ಯ ಟಿಕೆಟ್, ಪಕ್ಕದಲ್ಲಿ ಕೂತ ಅಪ್ಪನಿಗೆ ಮುಕ್ಕಾಲು ದರ

ಕಳೆದ ತಿಂಗಳು ಅಪ್ಪನನ್ನು ಕಣ್ಣಿನ ತಪಾಸಣೆಗೆಂದು ಹುಬ್ಬಳ್ಳಿಗೆ ಕರೆದುಕೊಂಡು ಹೊರಟಿದ್ದೆ. ಬಸ್ಸು ಬಾಗಲಕೋಟೆಯ ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೆ ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಬಂದರು. ನಾನು ಆಧಾರ್ ಕಾರ್ಡ್ ತೋರಿಸಿದೆ, ಯಂತ್ರದಿಂದ ಶೂನ್ಯ ಟಿಕೆಟ್ ಬಂತು. ಅಪ್ಪನೂ ಅಂಗಿಯ ಒಳಕಿಸೆಯಿಂದ ತನ್ನ ಕಾರ್ಡನ್ನು ತೆಗೆದು ಮುಂದೆ ಹಿಡಿದರು. "ಅಕ್ಕಾರ, ನಿಮ್ದು ಫ್ರೀ ಐತ್ರಿ. ಅಜ್ಜಾರದ್ದು ತಿಕೀಟ ಆಗ್ತೈತಿ, ಕಾಲ್ ಭಾಗ ಕಮ್ಮಿ ಮಾಡ್ತೀನಿ" ಎಂದು ಆತ ಬಹಳ ಸೌಜನ್ಯದಿಂದಲೇ ಹೇಳಿದರು. ನಿಯಮ ಇರುವುದೇ ಹಾಗೆ, ಅದರಲ್ಲಿ ಅವರ ತಪ್ಪು ಏನೂ ಇಲ್ಲ. ಆದರೆ ತಿಂಗಳಾದರೆ ಸರ್ಕಾರದ ಸಂಬಳ ಎಣಿಸುವ ಪ್ರೌಢಶಾಲಾ ಶಿಕ್ಷಕಿಯಾದ ನಾನು ಒಂದು ರೂಪಾಯಿಯನ್ನೂ ಕೊಡದೆ ಕೂತಿರುವಾಗ, ಯಾವ ಪಿಂಚಣಿಯೂ ಇಲ್ಲದ, 76 ವರ್ಷದ ನನ್ನ ಅಪ್ಪ ನೋಟುಗಳನ್ನು ಒಂದೊಂದಾಗಿ ಬಿಡಿಸಿ ಕೊಡುವುದನ್ನು ನೋಡುವಾಗ ನನಗೆ ಆದ ಸಂಕಟವನ್ನು ನಾನು ಇನ್ನೂ ಮರೆತಿಲ್ಲ.

ಈ ಬರಹವನ್ನು ಯಾರೂ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸನ್ನು ಉಚಿತಗೊಳಿಸಿದ ಶಕ್ತಿ ಯೋಜನೆಯ ವಿರುದ್ಧದ ಬರಹವೆಂದು ಓದಬಾರದು. 2023ರ ಜೂನ್ 11ರಂದು ಆ ಯೋಜನೆ ಆರಂಭವಾದಾಗಿನಿಂದ ನಮ್ಮ ಜಿಲ್ಲೆಯಲ್ಲಿ ಅದು ಏನೇನು ಮಾಡಿದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಗುಳೇದಗುಡ್ಡದ ನೇಕಾರರ ಮನೆಯ ಹೆಣ್ಣುಮಕ್ಕಳು, ನವನಗರದ ಮನೆಗಳಿಗೆ ಕಸಮುಸುರೆಗೆಂದು ಸುತ್ತಲಿನ ಹಳ್ಳಿಗಳಿಂದ ಬರುವ ತಾಯಂದಿರು, ತವರಿಗೆ ಹೋಗಿ ವರ್ಷಗಳೇ ಆಗಿದ್ದ ಸೊಸೆಯಂದಿರು ಇವತ್ತು ಬಸ್ಸು ಹತ್ತುತ್ತಾರೆ. ನನ್ನ ಅವ್ವ ಈಗ ಓಣಿಯ ಹೆಂಗಸರೊಂದಿಗೆ ಬನಶಂಕರಿ ಜಾತ್ರೆಗೂ ಕೂಡಲಸಂಗಮಕ್ಕೂ ಹೋಗಿ ಬರುತ್ತಾಳೆ. ಯೋಜನೆಯ ಬಗ್ಗೆ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಮಾತನ್ನು ಹೇಳಿದವಳೂ ಅವ್ವನೇ: "ಈಗ ಯಾರ ಮುಂದೂ ಕೈ ಚಾಚೂದಿಲ್ಲಲ್ಲ." ಉಳಿದ ಹಣ ಎಷ್ಟು ಎಂಬುದನ್ನು ಅವಳು ಲೆಕ್ಕ ಹಾಕಲಿಲ್ಲ. ಕೇಳುವುದು ತಪ್ಪಿತು ಎಂಬುದೇ ಅವಳಿಗೆ ದೊಡ್ಡದಾಗಿತ್ತು.

ಹಿರಿಯರಿಗೂ ವಿಕಲಚೇತನರಿಗೂ, ಗಂಡಸರಾದರೂ, ಬಸ್ಸು ಉಚಿತವಾಗಬೇಕು ಎಂಬ ನನ್ನ ವಾದವೆಲ್ಲ ಆ ಒಂದು ಮಾತಿನ ಮೇಲೆಯೇ ನಿಂತಿದೆ. ದುಡಿಯುವ ವಯಸ್ಸು ದಾಟಿದ ಗಂಡಸೂ ಕೈ ಚಾಚಲೇಬೇಕಾದ ಸ್ಥಿತಿಗೆ ಬಂದಿರುತ್ತಾನೆ, ಅಂಗವೈಕಲ್ಯವುಳ್ಳ ವ್ಯಕ್ತಿಯಂತೂ ಬಹಳ ಸಲ ಹುಟ್ಟಿನಿಂದಲೇ ಆ ಸ್ಥಿತಿಯಲ್ಲಿ ಇರುತ್ತಾನೆ. ಅಪ್ಪ ಕೇಳಿದರೆ ನಾನು ಇಲ್ಲವೆನ್ನುವುದಿಲ್ಲ, ನನ್ನ ಯಜಮಾನರೂ ಇಲ್ಲವೆನ್ನುವುದಿಲ್ಲ. ಆದರೆ ಅಪ್ಪ ಕೇಳುವುದೇ ಇಲ್ಲ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದು ಮನೆ ನಡೆಸಿದವರಿಗೆ, ಗೆಳೆಯನನ್ನು ನೋಡಿ ಬರುತ್ತೇನೆ, ಬಸ್ಸಿಗೆ ದುಡ್ಡು ಕೊಡು ಎಂದು ಮಗಳ ಮುಂದೆ ನಿಲ್ಲುವುದಕ್ಕಿಂತ ಕಟ್ಟೆಯ ಮೇಲೆ ಕೂತು ದಿನ ಕಳೆಯುವುದೇ ಸುಲಭವಾಗಿ ಕಾಣುತ್ತದೆ. ಅವ್ವ ಜಾತ್ರೆಗೆ ಹೋದ ದಿನ ಅಪ್ಪ ಮನೆಯಲ್ಲಿ ಉಳಿಯುತ್ತಾರೆ. ಐವತ್ತು ವರ್ಷ ಜೊತೆಯಾಗಿಯೇ ಜಾತ್ರೆಗೆ ಹೋದವರು ಅವರು.

ಬಾಗಲಕೋಟೆಯವರಿಗೆ ಈ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಲಮಟ್ಟಿಯ ಹಿನ್ನೀರಿನಿಂದ ನಮ್ಮ ಹಳೆಯ ಊರಿನ ದೊಡ್ಡ ಭಾಗ ಮುಳುಗಡೆಗೆ ಹೋಯಿತು. ಅಪ್ಪನ ಅಂಗಡಿ ಇದ್ದ ಸಾಲು, ನಾವಿದ್ದ ಮನೆ, ಎದುರಿನ ಹಿಟ್ಟಿನ ಗಿರಣಿ, ಎಲ್ಲವೂ ಹೋದವು. ಆ ಊರಿನಲ್ಲಿ ಮುದುಕರಿಗೆ ಬಸ್ಸೇ ಬೇಕಿರಲಿಲ್ಲ. ಗುಡಿ, ಸಂತೆ, ಡಾಕ್ಟರು, ಬೀಗರು, ಗೆಳೆಯರು ಎಲ್ಲರೂ ಕಾಲ್ನಡಿಗೆಯ ದೂರದಲ್ಲಿದ್ದರು. ಮುಳುಗಡೆಯಾದ ಮೇಲೆ ಒಂದೇ ಓಣಿಯವರಲ್ಲಿ ಕೆಲವರು ನವನಗರದ ಸೆಕ್ಟರುಗಳಿಗೆ ಬಂದರು, ಕೆಲವರು ವಿದ್ಯಾಗಿರಿಗೆ ಹೋದರು, ಕೆಲವರು ಹಳೆಯ ಊರಿನ ಉಳಿದ ಭಾಗದಲ್ಲಿಯೇ ಉಳಿದರು; ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಚದುರಿದರು. ಅಪ್ಪನಿಗೆ ಈಗ ಹಳೆಯ ಗೆಳೆಯನ ಮನೆ ಐದಾರು ಕಿಲೋಮೀಟರ್ ದೂರ. ನಡೆದು ಹೋಗುವ ಊರನ್ನು ನಾಡಿನ ನೀರಾವರಿಗಾಗಿ ಬಿಟ್ಟುಕೊಟ್ಟವರಿಗೆ, ಈಗ ಮುಪ್ಪಿನಲ್ಲಿ ಆ ದೂರವನ್ನು ಬಸ್ಸಿನಲ್ಲಿ ಉಚಿತವಾಗಿ ದಾಟಿಸುವುದು ದಾನವೆಂದು ನನಗೆ ಅನಿಸುವುದಿಲ್ಲ. ಅದು ಬಾಕಿ ಉಳಿದ ಪರಿಹಾರದ ಒಂದು ಸಣ್ಣ ಕಂತು.

ಹಿರಿಯ ನಾಗರಿಕರಿಗೆ ಈಗಾಗಲೇ ರಿಯಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. 60 ವರ್ಷ ತುಂಬಿದವರಿಗೆ ಟಿಕೆಟ್ ದರದಲ್ಲಿ ಶೇ. 25ರಷ್ಟು ಕಡಿತ. ಆದರೆ 2025ರ ಜನವರಿಯಲ್ಲಿ ದರವನ್ನೇ ಶೇ. 15ರಷ್ಟು ಏರಿಸಲಾಯಿತು. ಮೊದಲು 100 ರೂಪಾಯಿ ಇದ್ದ ಟಿಕೆಟ್ಟಿಗೆ ಹಿರಿಯರು 75 ಕೊಡುತ್ತಿದ್ದರೆ ಈಗ 86 ಕೊಡಬೇಕು. ಅಂದರೆ ಹಳೆಯ ದರದ ಲೆಕ್ಕದಲ್ಲಿ ಕಾಲು ಭಾಗದ ರಿಯಾಯಿತಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕರಗಿಹೋಯಿತು. ಶೂನ್ಯ ಟಿಕೆಟ್ಟಿನವರಿಗೆ ದರ ಏರಿದ್ದು ತಾಗಲೇ ಇಲ್ಲ, ಪೂರ್ತಿ ತಾಗಿದ್ದು ಇಂಥ ಮುದುಕರಿಗೆ. ಸಂಧ್ಯಾ ಸುರಕ್ಷಾ ಎಂಬ ವೃದ್ಧಾಪ್ಯ ವೇತನದ 1,200 ರೂಪಾಯಿಯಲ್ಲಿ ತಿಂಗಳು ತಳ್ಳುವ ಅಪ್ಪನ ಗೆಳೆಯರೊಬ್ಬರಿಗೆ ಒಂದು ಸಲ ಹುಬ್ಬಳ್ಳಿಗೆ ಹೋಗಿ ಬರುವುದೆಂದರೆ ಆ ತಿಂಗಳ ಯಾವುದೋ ಒಂದು ಔಷಧ ಬಿಟ್ಟಂತೆ.

ರೈಲಿನ ಕಥೆಯೂ ಹೀಗೆಯೇ ಆಗಿದೆ. ಗದಗ-ಹೊಟಗಿ ಮಾರ್ಗ ನಮ್ಮ ಊರಿನ ಮೇಲೆಯೇ ಹಾದುಹೋಗುವುದರಿಂದ, ಸೊಲ್ಲಾಪುರದ ಸೋದರತ್ತೆಯ ಮನೆಗೆ ಅಪ್ಪ ರೈಲಿನಲ್ಲಿಯೇ ಹೋಗುತ್ತಿದ್ದರು. 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ಇದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ, ಕೊರೊನಾ ಬಂದಾಗ, ರೈಲ್ವೆ ನಿಲ್ಲಿಸಿತು. ಕೊರೊನಾ ಹೋಗಿ ಎಷ್ಟೋ ವರ್ಷಗಳಾದವು.

ಆ ಸೋದರತ್ತೆಯ ಯಜಮಾನರಾದ ಸೊಲ್ಲಾಪುರದ ಮಾವನವರಿಗೆ ಈಗ 77 ವರ್ಷ. ಮನೆಮಾತು ನಮ್ಮಂತೆಯೇ ಕನ್ನಡ. ಮಹಾರಾಷ್ಟ್ರದಲ್ಲಿ 2022ರ ಆಗಸ್ಟ್‌ನಿಂದ 75 ವರ್ಷ ದಾಟಿದವರಿಗೆ, ಗಂಡಸಾಗಲಿ ಹೆಂಗಸಾಗಲಿ, ಎಸ್‌ಟಿ ಎಂಬ ಅಲ್ಲಿಯ ಸರ್ಕಾರಿ ಬಸ್ಸಿನಲ್ಲಿ ಪೂರ್ತಿ ಉಚಿತ. 65ರಿಂದ 75ರವರೆಗಿನವರಿಗೆ ಅರ್ಧ ದರ. ಮಾವನವರು ಅಕ್ಕಲಕೋಟೆಗೂ ಪಂಢರಪುರಕ್ಕೂ ಮನಸ್ಸು ಬಂದಾಗ ಹೋಗಿ ಬರುತ್ತಾರೆ, ಮಗನನ್ನು ಕೇಳುವುದಿಲ್ಲ. ನಮ್ಮ ಕಡೆಗೆ ಬರಬೇಕೆಂದರೆ ಮಾತ್ರ ಆ ಸೌಲಭ್ಯ ಗಡಿಯಲ್ಲಿ ಮುಗಿಯುತ್ತದೆ. ಪಕ್ಕದ ರಾಜ್ಯಕ್ಕೆ ಸಾಧ್ಯವಾದದ್ದು, ಹೆಣ್ಣುಮಕ್ಕಳ ವಿಷಯದಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟ ನಮ್ಮ ರಾಜ್ಯಕ್ಕೆ ಸಾಧ್ಯವಿಲ್ಲ ಎಂದರೆ ನಾನು ಒಪ್ಪಲಾರೆ.

ಇನ್ನು ಅಣ್ಣನ ವಿಷಯ. ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ಬಲಗಾಲು ಹೋಯಿತು. ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದಾನೆ. ನಮ್ಮಲ್ಲಿ ಅಂಧರಿಗೆ ಉಚಿತ ಪಾಸ್ ಇದೆ, ಅದು ಸರಿಯಾದದ್ದು. ಉಳಿದ ವಿಕಲಚೇತನರಿಗೆ ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಪಾಸ್ ಇದೆ, ಆದರೆ ಅದು ನಡೆಯುವುದು ವಾಸಸ್ಥಳದಿಂದ 100 ಕಿಲೋಮೀಟರ್ ಒಳಗೆ ಮಾತ್ರ. ಕಾಗದದ ಮೇಲೆ ನೂರು ಕಿಲೋಮೀಟರ್ ಬಹಳವೆನಿಸಬಹುದು. ನಮ್ಮ ಜಿಲ್ಲೆಯ ನಕಾಶೆ ತೆಗೆದು ನೋಡಿ: ಬಾಗಲಕೋಟೆಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ದಾಟುತ್ತದೆ, ಬೆಳಗಾವಿ ಅದಕ್ಕಿಂತಲೂ ದೂರ. ಇಲ್ಲಿಯ ವೈದ್ಯರು "ದೊಡ್ಡಾಸ್ಪತ್ರೆಗೆ ತೋರಿಸಿರಿ" ಎಂದು ಚೀಟಿ ಬರೆದುಕೊಟ್ಟರೆ ನಾವು ಹೋಗುವುದು ಹೆಚ್ಚಾಗಿ ಈ ಎರಡು ಊರುಗಳಿಗೇ. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಸರಿಪಡಿಸಲು ಅಣ್ಣ ಹೋಗಬೇಕಾದ ಊರನ್ನು ಅವನ ಪಾಸು ಮುಟ್ಟುವುದಿಲ್ಲ. ಯಾರ ಕಾಲು ನಡೆಯುವುದಿಲ್ಲವೋ ಅವರ ಪ್ರಯಾಣಕ್ಕೆ ಗೆರೆ ಎಳೆಯುವ ಈ ನಿಯಮವನ್ನು ಮೊದಲು ತೆಗೆದುಹಾಕಬೇಕು. ಅದಕ್ಕೆ ಹೊಸ ಯೋಜನೆಯೂ ಬೇಡ, ಹೊಸ ಹೆಸರೂ ಬೇಡ, ಒಂದು ಆದೇಶ ಸಾಕು.

ಆ ಪಾಸನ್ನು ಪ್ರತಿ ವರ್ಷ ನವೀಕರಿಸಬೇಕು ಎಂಬುದು ಇನ್ನೊಂದು ಕಷ್ಟ. ಐವತ್ತು ವರ್ಷದಿಂದ ಇರುವ ವೈಕಲ್ಯ ಬರುವ ವರ್ಷ ಇರುವುದೋ ಇಲ್ಲವೋ ಎಂಬ ಸಂದೇಹ ಯಾರಿಗೂ ಇರಲಾರದು. ಅವನ ಬಳಿ ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದೆ, ದೇಶದ ಯಾವ ಮೂಲೆಯಲ್ಲಿ ತೋರಿಸಿದರೂ ಅವನ ವೈಕಲ್ಯದ ಪ್ರಮಾಣ ಅದರಲ್ಲಿಯೇ ಇದೆ. ಹೆಂಗಸರಿಗೆ ಆಧಾರ್ ಕಾರ್ಡೇ ಸಾಕಾಗುವಾಗ, ವಿಕಲಚೇತನರಿಗೆ ಯುಡಿಐಡಿ ಕಾರ್ಡೇ ಪಾಸ್ ಆಗಬೇಕು. ವರ್ಷ ಬದಲಾದಾಗಲೆಲ್ಲ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಿ, ಝೆರಾಕ್ಸ್ ಹಿಡಿದು, ಊರುಗೋಲಿನ ಮೇಲೆ ಭಾರ ಹಾಕಿ ಸರತಿಯಲ್ಲಿ ನಿಲ್ಲುವುದು ಅವನಿಗೆ ಬೇಡ.

ಜೊತೆಗಾರರ ಬಗ್ಗೆ ಯಾರೂ ಮಾತನಾಡುವುದಿಲ್ಲ, ಹಾಗಾಗಿ ನಾನು ಹೇಳಬೇಕು. ಅಣ್ಣ ಒಬ್ಬನೇ ದೂರದ ಬಸ್ಸು ಹತ್ತಲಾರ. ಮಗ ಜೊತೆಗೆ ಹೋದರೆ ಅವನಿಗೆ ಪೂರ್ಣ ಟಿಕೆಟ್. ಅತ್ತಿಗೆ ಹೋದರೆ ಶೂನ್ಯ ಟಿಕೆಟ್. ಹಾಗಾಗಿ ಶಕ್ತಿ ಯೋಜನೆ ಬಂದ ಮೇಲೆ ಆಸ್ಪತ್ರೆಗಾಗಲಿ ಕಚೇರಿಗಾಗಲಿ "ಆಕೀಗೆ ಫ್ರೀ ಐತಲ್ಲ, ಆಕೀನ ಹೋಗ್ಲಿ" ಎಂಬುದು ಮನೆಯಲ್ಲಿ ರೂಢಿಯಾಗಿದೆ. ಬೇರೆಯವರ ಹೊಲದಲ್ಲಿ ದುಡಿಯುವ ಅತ್ತಿಗೆಯ ಒಂದು ದಿನದ ಕೂಲಿ ಹೋಗುತ್ತದೆ. ಗಂಡನನ್ನು ಎತ್ತಿ ಹತ್ತಿಸುವ ಶಕ್ತಿ ಆ ಬಡಕಲು ದೇಹದಲ್ಲಿ ಇಲ್ಲ, ಇಪ್ಪತ್ತೆರಡರ ಮಗನಿಗೆ ಅದು ಇದೆ. ಟಿಕೆಟ್ಟಿನ ದರ ನೋಡಿ ಜೊತೆಗಾರರನ್ನು ಆರಿಸುವಂತಾಗಬಾರದು. ಒಬ್ಬರ ಆಸರೆಯಿಲ್ಲದೆ ಓಡಾಡಲಾರದ ವಿಕಲಚೇತನರೊಂದಿಗೆ ಯಾರೇ ಬಂದರೂ ಅವರಿಗೂ ಉಚಿತವಿರಬೇಕು.

ಉಚಿತ ಟಿಕೆಟ್ಟಿನ ಮಾತಾಡುವಾಗ ಬಸ್ಸಿನ ಮೆಟ್ಟಿಲನ್ನು ಬಿಡಲಾಗದು. ಮೊದಲ ಮೆಟ್ಟಿಲು ಮೊಣಕಾಲಿನ ಮಟ್ಟಕ್ಕೆ ಇರುವ ಬಸ್ಸು ಹತ್ತಲು ಅಪ್ಪ ಎರಡೂ ಕೈಯಿಂದ ಕಂಬಿ ಹಿಡಿದು, ಒಂದು ಸಲ ಉಸಿರು ಬಿಟ್ಟು, ಆಮೇಲೆ ಕಾಲು ಎತ್ತುತ್ತಾರೆ. ಅಷ್ಟು ಹೊತ್ತು ಕಾಯುವ ಡ್ರೈವರುಗಳೂ ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಕಾಯದವರೂ ಇದ್ದಾರೆ. ನಿಲ್ದಾಣದಲ್ಲಿ ಮುದುಕರಷ್ಟೇ ನಿಂತಿದ್ದರೆ ಬಸ್ಸು ಸ್ವಲ್ಪ ಮುಂದೆ ಹೋಗಿ ನಿಲ್ಲುವುದನ್ನು, ಅಲ್ಲಿಗೆ ಅವರು ಓಡಲಾರದೆ ಉಳಿಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅಣ್ಣ ಒಮ್ಮೆ ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನಲ್ಲಿ ಹೋಗಿದ್ದ. ಅಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕೆ ಇರುವುದರಿಂದ ಯಾರ ಕೈಯನ್ನೂ ಹಿಡಿಯದೆ ಒಳಗೆ ನಡೆದನಂತೆ. ಆ ಸಂಗತಿಯನ್ನು ಅವನು ಮನೆಯಲ್ಲಿ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಅದನ್ನು ಓಡಿಸುವುದೂ ನಮ್ಮ ವಾಯವ್ಯ ಸಾರಿಗೆ ಸಂಸ್ಥೆಯೇ. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಬಸ್ಸು, ಕಟ್ಟಡಗಳನ್ನು ಅವರಿಗೆ ಸುಗಮಗೊಳಿಸುವ ಸುಗಮ್ಯ ಭಾರತ ಅಭಿಯಾನ ಶುರುವಾದದ್ದು 2015ರ ಡಿಸೆಂಬರ್ 3ರಂದು. ಹಳ್ಳಿಯ ಎಲ್ಲ ಬಸ್ಸುಗಳನ್ನೂ ಇಂದೇ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಹೊಸದಾಗಿ ಕೊಳ್ಳುವ ಬಸ್ಸುಗಳಿಗಾದರೂ ಒಂದು ತಗ್ಗಿನ ಮೆಟ್ಟಿಲು, ಗಟ್ಟಿಯಾದ ಹಿಡಿಕೆ ಇರಲಿ.

ಹಣ ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಶಕ್ತಿ ಯೋಜನೆಯ ಪ್ರಯಾಣಗಳು 2025ರ ಜುಲೈ ಹೊತ್ತಿಗೆ 500 ಕೋಟಿ ದಾಟಿದವು. ಅದರ ವೆಚ್ಚವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ಭರಿಸಿಕೊಡಬೇಕು, ಅದು ಸಕಾಲಕ್ಕೆ ಬಾರದಿದ್ದರೆ ಹೊಸ ಬಸ್ಸುಗಳಿಗೆ, ಸಿಬ್ಬಂದಿಗೆ ಕತ್ತರಿ ಬೀಳುತ್ತದೆ. ಆ ಭಯ ನನಗೂ ಇದೆ. ಆದರೆ ಹಿರಿಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೆಂಗಸರೇ, ಅವರಿಗೆ ಈಗಾಗಲೇ ಉಚಿತವಿದೆ. ಉಳಿಯುವುದು 70 ದಾಟಿದ ಗಂಡಸರು, ವಿಕಲಚೇತನ ಗಂಡಸರು ಮತ್ತು ಅವರ ಜೊತೆಗಾರರು ಮಾತ್ರ. ಇವರು ದಿನವೂ ಓಡಾಡುವವರಲ್ಲ, ತಿಂಗಳಿಗೆ ನಾಲ್ಕಾರು ಸಲ ಹೊರಡುವವರು. 70 ಎಂಬ ವಯಸ್ಸನ್ನು ನಾನು ಸುಮ್ಮನೆ ಹೇಳುತ್ತಿಲ್ಲ: ಕೇಂದ್ರ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ವಿಮೆಯನ್ನು 70 ದಾಟಿದವರಿಗೆ ವಿಸ್ತರಿಸುವಾಗ ಯಾರ ಆದಾಯವನ್ನೂ ಕೇಳಲಿಲ್ಲ. ಬಸ್ಸಿಗೂ ಅದೇ ಅಳತೆ ಇರಲಿ.

ಬಸ್ಸುಗಳು ಈಗಲೇ ತುಂಬಿ ತುಳುಕುತ್ತಿವೆ, ಶಾಲೆ ಕಾಲೇಜಿನ ಮಕ್ಕಳು ಬಾಗಿಲಲ್ಲಿ ಜೋತಾಡುತ್ತಾರೆ ಎಂಬ ಆಕ್ಷೇಪವನ್ನು ಶಿಕ್ಷಕಿಯಾಗಿ ನಾನು ತಳ್ಳಿಹಾಕಲಾರೆ. ಇಂಗ್ಲೆಂಡಿನಲ್ಲಿ 2008ರ ಏಪ್ರಿಲ್‌ನಿಂದ ಹಿರಿಯರಿಗೂ ವಿಕಲಚೇತನರಿಗೂ ಸ್ಥಳೀಯ ಬಸ್ಸುಗಳಲ್ಲಿ ದೇಶದಾದ್ಯಂತ ಉಚಿತವಿದೆ, ಆದರೆ ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9.30ರ ನಂತರ. ನಮ್ಮಲ್ಲಿಯೂ ಹಾಗೆ ಸಮಯ ಗೊತ್ತುಮಾಡಿ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ನಮ್ಮ ಹಳ್ಳಿಗಳಿಗೆ ಅದು ಹೊಂದುವುದಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬರುವ ಊರಿನ ಮುದುಕನಿಗೆ 9.30ರ ನಂತರ ಎಂದರೆ ಇಲ್ಲ ಎಂದೇ ಅರ್ಥ. ಆಸ್ಪತ್ರೆಯ ಚೀಟಿಯ ಸರತಿ ಶುರುವಾಗುವುದೂ ಬೆಳಿಗ್ಗೆಯೇ. ನೂಕುನುಗ್ಗಲಿಗೆ ಉತ್ತರ ಹೆಚ್ಚು ಬಸ್ಸುಗಳು, ಅದರಲ್ಲಿಯೂ ಮುಂಜಾನೆಯ ಹೊತ್ತಿಗೆ ವಿದ್ಯಾರ್ಥಿಗಳಿಗಾಗಿಯೇ ಬಿಡುವ ಬಸ್ಸುಗಳು.

ರಾಜ್ಯ ಬಜೆಟ್ಟಿನ ಸಿದ್ಧತೆಗೆ ಮೊದಲೇ ತಲುಪಲೆಂದು ಸಾರಿಗೆ ಸಚಿವರಿಗೂ ನಮ್ಮ ಶಾಸಕರಿಗೂ ಒಂದು ಮನವಿ ಬರೆದಿದ್ದೇನೆ. 70 ದಾಟಿದ ಎಲ್ಲರಿಗೂ ಶೂನ್ಯ ಟಿಕೆಟ್, ಯುಡಿಐಡಿ ಕಾರ್ಡನ್ನೇ ಪಾಸೆಂದು ಒಪ್ಪುವುದು, ನೂರು ಕಿಲೋಮೀಟರಿನ ಮಿತಿ ತೆಗೆಯುವುದು, ಜೊತೆಗಾರರಿಗೂ ಉಚಿತ, ಇಷ್ಟು ಅದರಲ್ಲಿವೆ. ಅಪ್ಪನಿಗೆ ಓದಿ ಹೇಳಿದಾಗ, ಕೋರಿಕೆಯ ನಿಲ್ದಾಣಗಳಲ್ಲಿ ಮುದುಕರು ಕಂಡರೆ ಅವರು ನಿಂತ ಜಾಗದಲ್ಲಿಯೇ ಬಸ್ಸು ನಿಲ್ಲಬೇಕೆಂಬುದನ್ನೂ ಸೇರಿಸು ಎಂದರು. ಸೇರಿಸಿದ್ದೇನೆ. ನಮ್ಮ ಸೆಕ್ಟರಿನ ಹಿರಿಯರು ಒಬ್ಬೊಬ್ಬರಾಗಿ ಸಹಿ ಹಾಕುತ್ತಿದ್ದಾರೆ, ಅಣ್ಣ ತನ್ನ ಅಂಗಡಿಯಲ್ಲಿ ಒಂದು ಪ್ರತಿ ಇಟ್ಟುಕೊಂಡಿದ್ದಾನೆ. ಹಳೆಯ ಊರಿನಲ್ಲಿ ಮತ್ತು ವಿದ್ಯಾಗಿರಿಯಲ್ಲಿ ಇರುವವರು ತಿಳಿಸಿದರೆ ಪ್ರತಿಯನ್ನು ನಾನೇ ತಂದುಕೊಡುತ್ತೇನೆ; ಸಹಿಗಾಗಿ ಯಾವ ಹಿರಿಯರೂ ಬಸ್ಸು ಹತ್ತಿ ಬರುವುದು ಬೇಡ.