"ಎತರ್ನೆಟ್ 2" ಎಂದು ಬರೆದಿಡುವವರಿಗೆ

ಪುಣೆ ಹತ್ತಿರದ ಭೋಸರಿಯ ಒಂದು ಕಾರ್ಖಾನೆಯಲ್ಲಿ 24 ಹೊಸ ಕಂಪ್ಯೂಟರುಗಳಿಗೆ ವಿಂಡೋಸ್ ಹಾಕುತ್ತಿದ್ದುದನ್ನು ಇವತ್ತು ನೋಡಿ ಬಂದೆ. ಇನ್ನೂ ಹೊಟ್ಟೆ ಉರಿಯುತ್ತಿದೆ. ಯಾರೂ ಮುಟ್ಟದೆ ಇನ್‌ಸ್ಟಾಲ್ ಆಗಲಿ ಅಂತ ಆನ್ಸರ್ ಫೈಲ್ (ಸೆಟಪ್ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟ ಫೈಲ್) ಮಾಡಿದ್ದಾರೆ. ಆದರೂ ಇಬ್ಬರು ಹುಡುಗರು ಕೀಬೋರ್ಡ್ ಹಿಡಿದು ಒಂದೊಂದೇ ಮಶೀನಿನ ಮುಂದೆ ಬಗ್ಗಿ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ತಿದ್ದುತ್ತಿದ್ದಾರೆ. ಇಷ್ಟಕ್ಕೆಲ್ಲ ಕಾರಣ ಫೈಲಿನ ಒಂದೇ ಸಾಲು: ಅಡಾಪ್ಟರ್ (ನೆಟ್‌ವರ್ಕ್ ಪೋರ್ಟ್) ಗುರುತಿನ ಜಾಗದಲ್ಲಿ "ಎತರ್ನೆಟ್ 2".

ಪ್ರತಿ ಮಶೀನಿಗೂ ಎರಡು ಪೋರ್ಟ್. ಮದರ್‌ಬೋರ್ಡಿನದು ಆಫೀಸಿನ ನೆಟ್‌ವರ್ಕಿಗೆ, ಕಾರ್ಡಿನದು ಲೈನಿನ ಪಿಎಲ್‌ಸಿಗೆ, ಅಂದರೆ ಉತ್ಪಾದನಾ ಯಂತ್ರ ನಡೆಸುವ ಕಂಟ್ರೋಲರಿಗೆ. ಕೆಲವು ಮಶೀನುಗಳಲ್ಲಿ ಇವುಗಳ ಹೆಸರು ಅದಲುಬದಲಾಗಿದ್ದವು. "ಸರ, ಎಲ್ಲಾ ಒಂದೇ ಮಾಡೆಲ್ ಅದಾವಲ್ರೀ, ಹೆಸರೂ ಒಂದೇ ಬರಬೇಕಲ್ಲ?" ಎಂದ ಒಬ್ಬ. ಬರಬೇಕೆಂದೇನೂ ಇಲ್ಲಪ್ಪ. ಸೆಟಪ್‌ಗೆ ಯಾವ ಅಡಾಪ್ಟರ್ ಮೊದಲು ಕಂಡಿತೋ ಅದು "ಎತರ್ನೆಟ್", ಆಮೇಲೆ ಕಂಡದ್ದು "ಎತರ್ನೆಟ್ 2". ಆ ಸರದಿ ಎಲ್ಲ ಮಶೀನಿನಲ್ಲೂ ಒಂದೇ ಇರುತ್ತದೆ ಎಂಬ ಖಾತರಿ ಇಲ್ಲ. ವಿಂಡೋಸ್ 7ರ ಕಾಲದ ಫೈಲನ್ನೇ ನಕಲು ಮಾಡಿದವರ ಪಾಡು ಇನ್ನೂ ಕಷ್ಟ. ಆಗ ಹೆಸರು "ಲೋಕಲ್ ಏರಿಯಾ ಕನೆಕ್ಷನ್" ಇತ್ತು, ವಿಂಡೋಸ್ 8ರಿಂದ ಅದು "ಎತರ್ನೆಟ್" ಆಯಿತು.

ಬದಲಾಗದೆ ಉಳಿಯುವುದು ಮ್ಯಾಕ್ ವಿಳಾಸ, ಅಂದರೆ ತಯಾರಕರು ಪ್ರತಿ ಅಡಾಪ್ಟರಿಗೂ ಕೊಟ್ಟ ಗುರುತು. ಅನ್‌ಅಟೆಂಡ್ ಫೈಲಿನ (ಅದೇ ಆನ್ಸರ್ ಫೈಲ್) ಟಿಸಿಪಿಐಪಿ ಕಾಂಪೊನೆಂಟಿನಲ್ಲಿ (ಐಪಿ ಬರೆಯುವ ವಿಭಾಗ) ಐಡೆಂಟಿಫೈಯರ್ ಜಾಗಕ್ಕೆ ಹೆಸರಿನಂತೆಯೇ ಮ್ಯಾಕ್ ಕೂಡ ಬರೆಯಬಹುದು. ಅಡ್ಡಗೆರೆ ಹಾಕಿ ಬರೆಯಿರಿ, 02-00-00-10-20-31 ಎನ್ನುವ ಹಾಗೆ. ಅದರ ಕೆಳಗೆ ಡಿಎಚ್‌ಸಿಪಿ (ಸರ್ವರ್ ತಾನೇ ಐಪಿ ಹಂಚುವ ವ್ಯವಸ್ಥೆ) ಎನೇಬಲ್ಡ್ ಫಾಲ್ಸ್. ಐಪಿಯನ್ನು 192.168.20.31/24 ಎಂದು ಬರೆಯಿರಿ. ಮಾಸ್ಕ್ (ನೆಟ್‌ವರ್ಕಿನ ವ್ಯಾಪ್ತಿ) ಆ /24ರಲ್ಲೇ ಬಂತು, 255.255.255.0 ಅಂತ ಬೇರೆ ಬರೆಯುವ ಜಾಗ ಅಲ್ಲಿಲ್ಲ. ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕಿಗೆ ಹೋಗುವ ದಾರಿ, ರೂಟ್ಸ್ ಒಳಗೆ ಹೋಗುತ್ತದೆ: ಪ್ರಿಫಿಕ್ಸ್ 0.0.0.0/0, ನೆಕ್ಸ್ಟ್ ಹಾಪ್ ರೂಟರಿನ ವಿಳಾಸ. ಇದನ್ನು ಆಫೀಸಿನ ಅಡಾಪ್ಟರಿಗೆ ಮಾತ್ರ ಕೊಡಿ. ಪಿಎಲ್‌ಸಿ ಕಡೆಗೂ ಗೇಟ್‌ವೇ ಕೊಟ್ಟರೆ ಹೊರಗೆ ಹೋಗಬೇಕಾದ ಪ್ಯಾಕೆಟ್ ಆ ದಾರಿ ಹಿಡಿದು ಅಲ್ಲೇ ಸಾಯಬಹುದು.

ಹೆಸರಿನಿಂದ ಐಪಿ ಹುಡುಕಿಕೊಡುವ ಡಿಎನ್‌ಎಸ್ ಟಿಸಿಪಿಐಪಿ ಒಳಗಿಲ್ಲ. ಅದಕ್ಕೆ ಡಿಎನ್‌ಎಸ್ ಕ್ಲೈಂಟ್ ಎಂಬ ಪ್ರತ್ಯೇಕ ಕಾಂಪೊನೆಂಟ್ ಇದೆ. ಅಲ್ಲಿಯೂ ಅದೇ ಮ್ಯಾಕ್ ಹಾಕಬೇಕು. ಒಂದು ಕಡೆ ಮ್ಯಾಕ್ ಬರೆದು ಇನ್ನೊಂದು ಕಡೆ "ಎತರ್ನೆಟ್" ಎಂದೇ ಬಿಟ್ಟರೆ ಐಪಿ ಸರಿಯಾಗಿ ಬಂದೂ ಡೊಮೇನ್ ಜಾಯಿನ್ (ಮಶೀನನ್ನು ಕಂಪನಿಯ ಡೊಮೇನಿಗೆ ಸೇರಿಸುವುದು) ಬಿದ್ದುಹೋಗಬಹುದು.

"ಡಿಎಚ್‌ಸಿಪಿ ರಿಸರ್ವೇಶನ್ ಇಡಿ, ಇಷ್ಟೆಲ್ಲ ರಗಳೆ ಯಾಕೆ" ಅಂತ ಕಮೆಂಟ್ ಬರುವುದು ಗೊತ್ತು; ಅಂದರೆ ಸರ್ವರೇ ಪ್ರತಿ ಮಶೀನಿಗೂ ಅದಕ್ಕೆಂದೇ ಇಟ್ಟ ಐಪಿ ಕೊಡಲಿ ಅಂತ. ಆಫೀಸಿನ ಮೇಜಿನ ಮೇಲಿನ ಕಂಪ್ಯೂಟರಿಗೆ ಅದೇ ಸರಿ. ಇಲ್ಲಿ ಲೈನಿನ ನೆಟ್‌ವರ್ಕಿನಲ್ಲಿ ಡಿಎಚ್‌ಸಿಪಿ ಸರ್ವರೇ ಇಲ್ಲ. ಅಷ್ಟಕ್ಕೂ ರಿಸರ್ವೇಶನ್ ಮಾಡಲು ಬೇಕಾದದ್ದೂ ಮ್ಯಾಕ್ ತಾನೆ? ಪಟ್ಟಿ ಹೇಗೂ ಮಾಡಲೇಬೇಕು. "ಕೊನೆಗೆ ಪವರ್‌ಶೆಲ್ ಸ್ಕ್ರಿಪ್ಟ್ ಓಡಿಸಿ ಸರಿಮಾಡುತ್ತೇವೆ" ಎನ್ನುವವರೂ ಇದ್ದಾರೆ. ಡೊಮೇನ್ ಜಾಯಿನ್ ನಡೆಯುವುದು ಸೆಟಪ್‌ನ ಸ್ಪೆಶಲೈಜ್ ಹಂತದಲ್ಲಿ (ಮಶೀನಿಗೆ ಹೆಸರು, ನೆಟ್‌ವರ್ಕ್ ಹೊಂದಿಸುವ ಹಂತ). ಆ ಸ್ಕ್ರಿಪ್ಟ್ ಓಡಿಸುವ ಫಸ್ಟ್ ಲಾಗಾನ್ ಕಮಾಂಡ್ (ಮೊದಲ ಲಾಗಿನ್‌ನಲ್ಲಿ ಓಡುವ ಕಮಾಂಡ್) ಬರುವ ಹೊತ್ತಿಗೆ ಅದು ಬಿದ್ದು ಆಗಿರುತ್ತದೆ. ಆ ಸ್ಕ್ರಿಪ್ಟಿನಲ್ಲಿ ಬೇಕಾದರೆ ಮ್ಯಾಕ್ ನೋಡಿ ಅಡಾಪ್ಟರಿಗೆ "ಆಫೀಸ್", "ಲೈನ್" ಅಂತ ಹೆಸರಿಡಿ, ಮುಂದೆ ರಿಪೇರಿಗೆ ಬರುವವರಿಗೆ ಅನುಕೂಲ.

ಪಟ್ಟಿ ಮಾಡುವುದು ದೊಡ್ಡ ಕೆಲಸವಲ್ಲ. ಒಂದು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬರೆದ ಪಟ್ಟಿಯ ಫೈಲ್), ನಾಲ್ಕು ಕಾಲಂ: ಆಫೀಸ್ ಮ್ಯಾಕ್, ಲೈನ್ ಮ್ಯಾಕ್, ಮಶೀನಿನ ಹೆಸರು, ಐಪಿಯ ಕೊನೆಯ ಸಂಖ್ಯೆ. ಮದರ್‌ಬೋರ್ಡಿನ ಪೋರ್ಟಿನ ಮ್ಯಾಕ್ ಎಷ್ಟೋ ಸಲ ಡಬ್ಬದ ಸ್ಟಿಕ್ಕರಿನ ಮೇಲೆಯೇ ಇರುತ್ತದೆ. ಬಾರ್‌ಕೋಡ್ ಸ್ಕ್ಯಾನರ್ ಹಿಡಿದರೆ ಕೆಲವೇ ನಿಮಿಷದ ಕೆಲಸ. ಬೇರೆ ಕಾರ್ಡ್ ಹಾಕಿದ್ದರೆ ಅದರ ಮ್ಯಾಕ್ ಆ ಸ್ಟಿಕ್ಕರಿನಲ್ಲಿ ಇರುವುದಿಲ್ಲ, ಕಾರ್ಡಿನ ಮೇಲೇ ನೋಡಬೇಕು. ಕೇಸ್ ಮುಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಆಮೇಲೆ ಆ ಸಿಎಸ್‌ವಿಯಿಂದ ಒಂದು ಪುಟ್ಟ ಸ್ಕ್ರಿಪ್ಟ್ 24 ಫೈಲ್ ಮಾಡಿಕೊಡುತ್ತದೆ. ವಿನ್‌ಪಿಇ (ಇನ್‌ಸ್ಟಾಲ್ ಶುರುಮಾಡುವ ಪುಟ್ಟ ವಿಂಡೋಸ್) ಎದ್ದಾಗ ತನ್ನ ಮ್ಯಾಕ್ ನೋಡಿ ತನ್ನ ಫೈಲ್ ಆರಿಸಿಕೊಂಡು ಸೆಟಪ್ ಶುರುಮಾಡುವಂತೆ ಮಾಡಿ.

ನೆಟ್‌ವರ್ಕ್ ಅಡಾಪ್ಟರಿನ ಡ್ರೈವರ್ ಮರೆಯಬೇಡಿ. ಬೂಟ್.ವಿಮ್‌ಗೆ (ವಿನ್‌ಪಿಇ ಇರುವ ಫೈಲ್) ಹಾಕಿ ಇನ್‌ಸ್ಟಾಲ್.ವಿಮ್‌ಗೆ (ಇನ್‌ಸ್ಟಾಲ್ ಆಗುವ ವಿಂಡೋಸ್ ಇರುವ ಫೈಲ್) ಹಾಕದೆ ಬಿಟ್ಟರೆ ಸ್ಪೆಶಲೈಜ್ ಹೊತ್ತಿಗೆ ಅಡಾಪ್ಟರೇ ಇಲ್ಲದಿರಬಹುದು, ಐಪಿ ಹೋಗಿ ಕೂರುವುದೆಲ್ಲಿ? ವಿಂಡೋಸ್ ಇಮೇಜ್ ತಿದ್ದುವ ಡಿಸ್ಮ್ ಉಪಕರಣದಲ್ಲಿ ಆ್ಯಡ್ ಡ್ರೈವರ್ ಕೊಟ್ಟು ಎರಡಕ್ಕೂ ಸೇರಿಸಿ. ಏನಾದರೂ ಎಡವಿದರೆ ವಿಂಡೋಸ್ ಫೋಲ್ಡರಿನ ಪ್ಯಾಂಥರ್ ಒಳಗೆ ಸೆಟಪ್ಆ್ಯಕ್ಟ್ ಲಾಗ್, ಜಾಯಿನ್ ವಿಷಯಕ್ಕೆ ಡಿಬಗ್ ಒಳಗೆ ನೆಟ್‌ಸೆಟಪ್ ಲಾಗ್ ಓದಿ.

ಲಿನಕ್ಸ್ ಹಾಕುವವರಿಗೂ ಇದೇ ಮಾತು. ರೆಡ್ ಹ್ಯಾಟ್ ಬಳಗದ ಆನ್ಸರ್ ಫೈಲಾದ ಕಿಕ್‌ಸ್ಟಾರ್ಟಿನ ನೆಟ್‌ವರ್ಕ್ ಸಾಲಿನಲ್ಲಿ ಡಿವೈಸ್ ಜಾಗಕ್ಕೆ ಮ್ಯಾಕ್ ಕೊಡಬಹುದು, ಉಬುಂಟುವಿನಲ್ಲಿ ನೆಟ್‌ವರ್ಕ್ ಹೊಂದಿಸುವ ನೆಟ್‌ಪ್ಲ್ಯಾನಿನಲ್ಲೂ ಮ್ಯಾಚ್ ಅಂತ ಹಾಕಿ ಕೊಡಬಹುದು. ಅಲ್ಲಿ ಅಡ್ಡಗೆರೆಯ ಬದಲು ಕೋಲನ್.

ಮುಂದೆ ಕಾರ್ಡ್ ಸುಟ್ಟು ಹೊಸದು ಹಾಕಿದರೆ ಮ್ಯಾಕ್ ಬೇರೆಯಾಗುತ್ತದೆ, ನಿಜ. ಕಾರ್ಡ್ ಬದಲಿಸಿದ ದಿನವೇ ಪಟ್ಟಿಯ ಆ ಸಾಲನ್ನೂ ತಿದ್ದಿಬಿಡಿ.